ಟ್ರೈನಿಂಗ್ ದುಡ್ಡು

ಅಶೋಕಪುರಂನ ನಾಗೇಂದ್ರನನ್ನು ದುಡುಕಿನವನು ಎಂದು ಬೈಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನಷ್ಟು ಜಾಗ್ರತೆಯ ಹುಡುಗ ನಮ್ಮ ಬೀದಿಯಲ್ಲೇ ಇರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಫಿಟ್ಟರ್ ಆಗಿದ್ದವನನ್ನು ಕೆಲಸದಿಂದ ಬಿಡಿಸಿದರು. ಗೇಟಿಂದ ಗೇಟಿಗೆ ಅಲೆದು ಚಪ್ಪಲಿ ಸವೆದ ಮೇಲೆ ಅವನು ಕ್ರಿಪ್ಟೊ ಫ್ಯೂಚರ್ಸ್ ವ್ಯಾಪಾರದತ್ತ ತಿರುಗಿದ್ದು ನಿಜ. ಬಿಟ್‌ಕಾಯಿನ್ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಊಹಿಸಿ, ಕೈಯಲ್ಲಿರುವುದರ ಹತ್ತಿಪ್ಪತ್ತು ಪಟ್ಟು ಬಾಜಿ ಕಟ್ಟುವ ವ್ಯಾಪಾರ ಅದು. ಆದರೆ ಈಜು ಕಲಿಯದೆ ಬಾವಿಗೆ ಹಾರಬಾರದೆಂದು, ಸ್ವಂತದ ಒಂದು ರೂಪಾಯಿಯನ್ನೂ ಹಾಕದೆ ಡೆಮೊ ಖಾತೆಯಲ್ಲಿ ಅಭ್ಯಾಸಕ್ಕೆ ಕೂತ. ಅಲ್ಲಿ ಆ್ಯಪಿನವರೇ ಹತ್ತು ಲಕ್ಷದ ಸುಳ್ಳು ದುಡ್ಡು ಕೊಡುತ್ತಾರೆ. ಬೆಲೆಗಳು ಮಾತ್ರ ನಿಜ. ಗೆದ್ದರೆ ಬರುವುದಿಲ್ಲ, ಸೋತರೆ ಹೋಗುವುದಿಲ್ಲ.

ಮನೆ ನಡೆಯುತ್ತಿದ್ದುದು ತಾಯಿ ಬಸವಮ್ಮನ ದುಡಿಮೆಯಿಂದ. ರಾಮಕೃಷ್ಣನಗರದ ಲೇಡೀಸ್ ಹಾಸ್ಟೆಲ್ ಒಂದರಲ್ಲಿ ಆಕೆ ಅಡುಗೆಯವಳು. ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಗಂಟುಕಟ್ಟಿದ್ದವು. ಸಿಟಿ ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈಹಿಡಿಯಬೇಕಿತ್ತು. ಆದರೂ ಆಕೆಯ ಬಸ್ಸಾರಿಗೆ ಹಾಸ್ಟೆಲಿನ ಹುಡುಗಿಯರು ತಟ್ಟೆ ನೆಕ್ಕುತ್ತಿದ್ದರು. ಆ ಹೆಮ್ಮೆಯಲ್ಲೇ ಬದುಕಿದ್ದ ಜೀವ.

ಒಂದು ಸಂಜೆ ಆಕೆ ಮಗನ ಫೋನಿನಲ್ಲಿ ಹನ್ನೊಂದು ಲಕ್ಷ ಕಂಡಳು.

“ಯಾರ್ದ್ಲಾ ಇದು?”

“ನಂದೇ ಕಣವ್ವ. ಈಗ ಟ್ರೈನಿಂಗು.”

ಅವನು ಸುಳ್ಳು ಹೇಳಲಿಲ್ಲ. ಆದರೆ ಬಸವಮ್ಮನಿಗೆ ಗೊತ್ತಿದ್ದ ಟ್ರೈನಿಂಗ್ ಬೇರೆ. ಐಟಿಐ ಮುಗಿಸಿ ಕಾರ್ಖಾನೆಗೆ ಸೇರಿದ ಮೊದಲ ವರ್ಷ ಮಗ ಟ್ರೈನಿಂಗಿನಲ್ಲೇ ಇದ್ದ. ಆಗಿನ ಸ್ಟೈಪೆಂಡ್ ತಿಂಗಳುಗಟ್ಟಲೆ ತಡವಾದರೂ ಕೊನೆಗೆ ಒಟ್ಟಿಗೆ ಕೈಸೇರಿತ್ತು. ಇದೂ ಹಾಗೆಯೇ, ಕಲಿಕೆ ಮುಗಿದ ದಿನ ಇಡಿಗಂಟಾಗಿ ಕೊಡುತ್ತಾರೆಂದು ಆಕೆ ತಿಳಿದಳು. ಮಗನನ್ನು ಇನ್ನೊಂದು ಮಾತು ಕೇಳದೆ, ಹೋಗಿ ಕೆಲಸ ಬಿಟ್ಟುಬಿಟ್ಟಳು.

ಮರುದಿನ ಮಧ್ಯಾಹ್ನವೇ ಮನೆಗೆ ಬಂದವಳ ಕೈಯಲ್ಲಿ ವಾರ್ಡನ್ ಪ್ರೇಮಲೀಲಾ ಉಡುಗೊರೆ ಕೊಟ್ಟ ಸೀರೆ, ಲೆಕ್ಕ ಮುಗಿಸಿ ಕೊಟ್ಟ ನಲವತ್ತು ಸಾವಿರ ರೂಪಾಯಿ.

“ನಿನ್ನ ಟ್ರೈನಿಂಗ್ ದುಡ್ಡು ಬರೋಗಂಟ ಇದ್ರಲ್ಲಿ ಮನೆ ನಡೀತದೆ, ಮಡಿಕೊ. ಇನ್ನು ನಾನು ಒಲೆ ಮುಂದೆ ನಿಲ್ಲಕಿಲ್ಲ ಕಣ್ಲಾ.”

ನಾಗೇಂದ್ರ ದುಡ್ಡು ತೆಗೆದುಕೊಂಡ. ಆಗಲೇ ಬಾಯಿ ಬಿಡಬೇಕಿತ್ತು, ನಾನೂ ಒಪ್ಪುತ್ತೇನೆ. ಆದರೆ ಅವ್ವ ಗೋಡೆಗೆ ಕಾಲು ಎತ್ತಿಟ್ಟು ಮಲಗಿದವಳು ಆಗಲೇ ನಿದ್ದೆ ಹೋಗಿದ್ದಳು. ಆಕೆ ಹಗಲಲ್ಲಿ ಮಲಗಿದ್ದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಇವಳನ್ನು ಎಬ್ಬಿಸಿ ಹೇಗೆ ಹೇಳಲಿ? ಆ ಕನ್ನಡಿಯೊಳಗಿನ ಗಂಟನ್ನು ಹೇಗಾದರೂ ಕೈಗೆ ತಂದುಕೊಂಡರೆ ಹೇಳುವ ಪ್ರಮೇಯವೇ ಇರುವುದಿಲ್ಲ ಎನ್ನಿಸಿತು.

ನಾಲ್ಕೈದು ದಿನ ಒದ್ದಾಡಿ, ಅವ್ವ ಕೊಟ್ಟ ನಲವತ್ತು ಸಾವಿರವನ್ನು ನಿಜವಾದ ಖಾತೆಗೆ ಹಾಕಿದ. ಡೆಮೊದಲ್ಲಿ ಅವನದೊಂದು ಕಟ್ಟುನಿಟ್ಟಿತ್ತು. ಇಷ್ಟು ನಷ್ಟವಾದರೆ ವ್ಯಾಪಾರ ತಾನಾಗಿ ಮುಗಿಯಲಿ ಎಂದು ಮೊದಲೇ ಸ್ಟಾಪ್ ಲಾಸ್ ಗೆರೆ ಹಾಕಿ, ಟೀ ಕುಡಿಯಲು ಹೋಗಿಬಿಡುತ್ತಿದ್ದ. ಈಗಲೂ ಬೆಲೆ ಏರುತ್ತದೆಂದು ಬಾಜಿ ಕಟ್ಟಿ, ಗೆರೆ ಹಾಕಿದ. ಆದರೆ ಬೆಲೆ ಇಳಿಯುತ್ತ ಗೆರೆಯ ಹತ್ತಿರ ಬಂದಾಗ ಅವ್ವನ ಕಾಲು ಕಣ್ಣಮುಂದೆ ಬಂತು. ಆ ದುಡ್ಡಿನಲ್ಲಿ ನೂರು ರೂಪಾಯಿ ಬಿಡಲೂ ಮನಸ್ಸು ಒಪ್ಪಲಿಲ್ಲ. ಗೆರೆಯನ್ನು ಕೆಳಗಿಳಿಸಿದ. ಮತ್ತೆ ಇಳಿಸಿದ. ಕೊನೆಗೆ ತೆಗೆದೇ ಹಾಕಿ ಸಿದ್ದಪ್ಪಾಜಿಗೆ ಹರಕೆ ಹೊತ್ತ. ಅವ್ವ ಊಟಕ್ಕೆ ಕರೆಯುವಷ್ಟರಲ್ಲಿ ಎಲ್ಲ ಮುಗಿದು ಚಿಲ್ಲರೆ ಉಳಿದಿತ್ತು. ಡೆಮೊದಲ್ಲಿ ಹೀಗಾದಾಗ ಒಂದು ಬಟನ್ ಒತ್ತಿದರೆ ಖಾತೆ ಮತ್ತೆ ತುಂಬುತ್ತಿತ್ತು. ಇಲ್ಲಿ ಆ ಬಟನ್ ಇಲ್ಲವೆಂದು ಗೊತ್ತಿದ್ದೂ ಅವನ ಬೆರಳು ಹುಡುಕುತ್ತಲೇ ಇತ್ತು.

ತಟ್ಟೆಯ ಮುಂದೆ ಕೂತು, ಅಳುತ್ತಲೇ ಎಲ್ಲ ಹೇಳಿದ.

“ಹನ್ನೊಂದು ಲಕ್ಷ ಐತಲ್ಲ?” ಎಂದಳು ಬಸವಮ್ಮ.

“ಅದು ದುಡ್ಡೇ ಅಲ್ಲ ಕಣವ್ವ. ಆಟದ್ದು.”

“ಟ್ರೈನಿಂಗ್ ಅಂದಿದ್ದೆ.”

“ಹೂಂ.”

ಆಕೆ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. “ಉಣ್ಣು, ಆರೋಯ್ತದೆ” ಎಂದಳು.

ಬೆಳಗ್ಗೆ ಹಾಸ್ಟೆಲಿಗೆ ಹೊರಟವಳ ಹಿಂದೆ ಅವನೂ ಹೋದ. ಅಡುಗೆಮನೆಯ ಒಲೆಯ ಮುಂದೆ ಆಗಲೇ ಬೇರೊಬ್ಬಳು ನಿಂತಿದ್ದಳು.

“ಮನೇಲಿ ಕೂತು ಕೂತು ಮೈ ಜಡ್ಡುಗಟ್ಟೈತೆ ಕಣಮ್ಮ” ಎಂದು ಬಸವಮ್ಮ ವಾರ್ಡನ್ ಮುಂದೆ ನಕ್ಕಳು. “ಮಗ ಬ್ಯಾಡ ಬ್ಯಾಡ ಅಂತಾನೆ. ನಾನೇ ಕೇಳ್ನಿಲ್ಲ.”

“ಅಡುಗೆಗೆ ಜನ ಬಂದಾಯ್ತಲ್ಲ ಬಸವಮ್ಮ. ಪಾತ್ರೆ ತೊಳೆಯೋದು ಮಾತ್ರ ಇದೆ. ಅದನ್ನ ನಿಮಗೆ ಹೇಗೆ ಹೇಳ್ಲಿ?”

“ಅದೇ ಆಗ್ಲಿ ಬುಡಿ.”

ಪ್ರೇಮಲೀಲಾ ಬಾಗಿಲಲ್ಲಿದ್ದ ನಾಗೇಂದ್ರನತ್ತ ತಿರುಗಿದರು. ಕೆಟ್ಟವರಲ್ಲ ಅವರು, ಮೆಚ್ಚಿಕೊಂಡೇ ಕೇಳಿದರು. “ಏನಪ್ಪಾ, ಫೋನಲ್ಲೇ ಲಕ್ಷಗಟ್ಟಲೆ ದುಡೀತೀಯಂತೆ! ನಂದೂ ಎರಡು ಲಕ್ಷ ಎಫ್‌ಡಿ ಮುಗಿದಿದೆ. ಹಾಕಿಕೊಡ್ತೀಯಾ?”

ಬಸವಮ್ಮ ಮಗನನ್ನು ನೋಡಿದಳು. ಸುಮ್ಮನಿದ್ದುಬಿಡು ಎಂದು ಬೇಡುವ ನೋಟ ಅದು. ಎರಡು ಲಕ್ಷ ಕೈಗೆ ಸಿಕ್ಕರೆ ಹೋದದ್ದು ವಾಪಸು ಬಂದೀತು, ಅವ್ವ ಮನೆಗೆ ಹೋಗಿ ಮಲಗಬಹುದು ಎಂದು ಒಂದು ಗಳಿಗೆ ಅವನಿಗೂ ಆಸೆ ಹುಟ್ಟಿತು. ಆ ಆಸೆಗೇ ಹೆದರಿ ಬಾಯಿಬಿಟ್ಟ.

“ಕೊಡ್ಬೇಡಿ ಮೇಡಂ. ನಾನು ದುಡಿದಿದ್ದು ಏನೂ ಇಲ್ಲ. ನೀವು ಅವ್ವಂಗೆ ಕೊಟ್ಟಿದ್ದನ್ನೂ ಕಳೆದ್ಬುಟ್ಟೆ.”

ಒಗ್ಗರಣೆ ಹಾಕುತ್ತಿದ್ದ ಹೊಸಬಳು ಸೌಟು ಹಿಡಿದು ನಿಂತುಬಿಟ್ಟಳು. ಬಸವಮ್ಮ ಯಾರ ಮುಖವನ್ನೂ ನೋಡದೆ ಪಾತ್ರೆಗಳ ರಾಶಿಯ ಹತ್ತಿರ ಹೋಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಾರು ಎಲ್ಲಿ ಮಡಗಿದ್ದೀಯವ್ವ?” ಎಂದು ಹೊಸಬಳನ್ನು ಕೇಳಿದಳು.