ಅಕ್ಕನ ತಾಯಿಸಾಲು

ದವಡೆಹಲ್ಲು ಕೀಳುವಾಗ ಹಲ್ಲಿನ ಡಾಕ್ಟರು ಬೇರು ಮುರಿದರು. ತಟ್ಟೆಗೆ ಬಿದ್ದ ಅರ್ಧ ಹಲ್ಲನ್ನು ನೋಡಿದ ಅಕ್ಕ, ಸೂಜಿಯಿಂದ ನಾಲಿಗೆ ಮರಗಟ್ಟಿದ್ದರಿಂದ ಬೈಯಲಾರದೆ, ಅವರ ಕೆನ್ನೆಗೆ ಒಂದು ಬಾರಿಸಿದಳು. ಉಳಿದದ್ದನ್ನು ಅವರು ಹೆದರಿ ಹೆದರಿ ಮೂರು ತುಂಡಾಗಿ ತೆಗೆದರು. ಹದಿನಾರು ವರ್ಷದಿಂದ ಅಶ್ವಗಂಧ ಬೆಳೆಯುವವಳು, ಎರಡು ಗೇಣು ಆಳದ ಬೇರನ್ನು ತುದಿಯ ಎಳೆ ಸಮೇತ ಎತ್ತುವವಳು, ಇದನ್ನು ಹೇಗೆ ಸಹಿಸಿಯಾಳು?

ಆ ಬೇರು ಮನಸ್ಸನ್ನು ತಂಪು ಮಾಡುತ್ತದಂತೆ. ಆ ಮನೆಯಲ್ಲಿ ಅದನ್ನು ಯಾರೂ ತಿಂದಂತೆ ಕಾಣೆ. ಬೇರು ಮುರಿದ ಆಳಿನ ಬೆರಳ ಗೆಣ್ಣಿಗೆ ಗುದ್ದಲಿ ಕಾವಿನ ಏಟು ಖಾತ್ರಿ. ಅಕ್ಕನ ಗಂಡ ಸತ್ತದ್ದು ಜ್ವರದಿಂದಲೇ ಎಂದು ಊರು ನಂಬಿತ್ತು. ನಂಬುವ ಮುಂಚೆ ಎರಡು ದಿನ ಯೋಚಿಸಿತ್ತು, ಅಷ್ಟೆ. ಅವಳಿಗೆ ತಿರುಗಿ ಹೊಡೆಯುವ ಗಂಡಸು ಒಬ್ಬನೇ: ಐವತ್ತು ದಾಟಿದರೂ ‘ಪುಟ್ಟ’ನಾಗಿಯೇ ಉಳಿದ, ಗುಡ್ಡದಂಥ ತಮ್ಮ.

ಹೊಲದಂಚಿನಲ್ಲಿ ಇಪ್ಪತ್ತು ಗಿಡಗಳ ಸಾಲೊಂದಿತ್ತು, ತಾಯಿಸಾಲು. ಪ್ರತಿ ಸುಗ್ಗಿಯಲ್ಲೂ ಅತಿ ದಪ್ಪ ಬೇರಿನ ಗಿಡದ ಹಣ್ಣನ್ನೇ ತೆಗೆದಿಟ್ಟು, ಮರುವರ್ಷ ಆ ಬೀಜವನ್ನು ಅಲ್ಲಿ ಬಿತ್ತಿ, ಅಕ್ಕ ಕಟ್ಟಿದ ತಳಿ ಅದು. ಹಣ್ಣೆಲ್ಲ ಕೆಂಪಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಂದಿನ ವರ್ಷದ ಬೀಜವೆಲ್ಲ ಅದರಲ್ಲೇ. ಮನೆಯಲ್ಲಿ ಒಂದು ಚಿಟಿಕೆಯೂ ಇರಲಿಲ್ಲ.

ಅಕ್ಕ ಹಲ್ಲು ಕೀಳಿಸಲು ಹೋದಾಗ ವ್ಯಾಪಾರಿ ಬಂದ.

“ಮಾದರಿಗೆ ನಾಲ್ಕು ದಪ್ಪ ಬೇರು ಕೊಡಿ.”

ದಪ್ಪ ಬೇರು ಎಲ್ಲಿದೆಯೆಂದು ಪುಟ್ಟನಿಗೆ ಗೊತ್ತಿರದೆ ಏನು? ನಾಲ್ಕು ಕಿತ್ತ. ವ್ಯಾಪಾರಿ ಬಾಯಿ ಬಿಟ್ಟು ನೋಡಿದ. ಹೊಗಳಿಕೆಗೆ ಉಬ್ಬಿದ ಪುಟ್ಟ ಇಪ್ಪತ್ತನ್ನೂ ಕಿತ್ತು ಕೊಟ್ಟ. ಒಂದು ಬೇರೂ ಮುರಿಯಲಿಲ್ಲ. ಆಮೇಲೆ, ಜಾಗ ಚೊಕ್ಕಟವಾಗಿರಲಿ ಎಂದು, ಬೇರು ಕೊಯ್ದು ಉಳಿದ ಗಿಡವನ್ನೆಲ್ಲ ಹಣ್ಣು ಸಮೇತ ಗುಡ್ಡೆ ಹಾಕಿ ಬೆಂಕಿಯಿಟ್ಟ.

ಬಸ್ಸಿಳಿದ ಅಕ್ಕನಿಗೆ ಹೊಗೆ ಕಂಡಿತು.

“ಬಂದ್ಯಾ ಅಕ್ಕಾ? ನೋಡು, ಎಲ್ಲಾ ಕ್ಲೀನ್ ಮಾಡಿಟ್ಟಿದೀನಿ.”

ನಾಲಿಗೆ ಆಡುತ್ತಿದ್ದರೆ ಒಂದು ಗಂಟೆಯ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಸೂಜಿ ಮರಗಟ್ಟಿಸಿದ್ದು ಬಾಯಿಯನ್ನು, ಕೈಯನ್ನಲ್ಲ. ಮಣ್ಣು ಸಡಿಲಿಸುವ ನಾಲ್ಕು ಹಲ್ಲಿನ ಕಬ್ಬಿಣದ ಕವೆ ಅಲ್ಲೇ ಇತ್ತು. ಅದರ ಹಿಡಿ ಪುಟ್ಟನ ಕಿವಿಗೆ ಅಪ್ಪಳಿಸಿತು. ಅವನು ಬಿದ್ದ, ಎದ್ದ, ಅಕ್ಕನ ಜುಟ್ಟು ಹಿಡಿದು ಊದಿದ ಕೆನ್ನೆಗೇ ಗುದ್ದಿದ. ಬಾಯಿಂದ ಹತ್ತಿಯುಂಡೆ ರಕ್ತದ ಸಮೇತ ಹಾರಿತು. ಅಕ್ಕ ಉಳಿದ ಹಲ್ಲುಗಳಿಂದ ಅವನ ಮುಂಗೈಯನ್ನು ಮೂಳೆ ಸಿಗುವವರೆಗೆ ಕಚ್ಚಿದಳು. ಜುಟ್ಟು ಬಿಟ್ಟ ಕೂಡಲೇ ಕವೆ ಎತ್ತಿ ಕುಕ್ಕಿದಳು. ಒಂದು ಹಲ್ಲು ಅವನ ಪಾದವನ್ನು ತೂರಿ ನೆಲಕ್ಕಿಳಿಯಿತು.

“ಅಕ್ಕಾ... ಕಾಲು...”

ಇನ್ನಷ್ಟು ಒತ್ತಲೆಂದು ಹಿಡಿಗೆ ಭಾರ ಹಾಕಿದವಳು ಕೆಳಗೆ ನೋಡಿದಳು. ಗಿಡ ಎಳೆದಾಡಿದಾಗ ಉದುರಿದ್ದ ಒಣ ಸಿಪ್ಪೆಗಳು. ಒಳಗೆ, ಆಗಲೇ ಕೆಂಪಾಗಿದ್ದ ಪುಟ್ಟ ಪುಟ್ಟ ಹಣ್ಣು. ರಕ್ತ ಅತ್ತಲೇ ಹರಿಯುತ್ತಿತ್ತು.

ಅಕ್ಕ ಮೊಣಕಾಲೂರಿದಳು. ಡಾಕ್ಟರು ಕೊಟ್ಟ ಲಕೋಟೆಯಿಂದ ಮಾತ್ರೆಗಳನ್ನು ಸುರಿದು, ಒಂದೊಂದೇ ಹಣ್ಣು ಒರೆಸಿ ತುಂಬತೊಡಗಿದಳು.

“ಕವೆ ಕೀಳೇ, ಸಾಯ್ತೀನಿ.”

“ಕಾಲಿಂದ ಯಾರೂ ಸಾಯಲ್ಲ. ಅಲುಗಾಡಬೇಡ.” ಗುದ್ದಿನ ಮಹಿಮೆಯೋ ಏನೋ, ನಾಲಿಗೆಯ ಜೋಮು ಬಿಟ್ಟಿತ್ತು. “ಹದಿನಾರು ವರ್ಷ ಕಣೋ, ಕತ್ತೆ.”

ಪುಟ್ಟ ಸುಟ್ಟ ಗುಡ್ಡೆಯನ್ನು ನೋಡಿದ. ಅವನಿಗೆ ಈಗ ಹೊಳೆಯಿತು.

“ಅಲ್ಲೊಂದಿದೆ,” ಎಂದು ಬೆರಳು ತೋರಿಸಿದ. “ಕಲ್ಲಿನ ಹಿಂದೆ. ಅಲ್ಲಲ್ಲ, ಈಕಡೆ.”

ಇಪ್ಪತ್ಮೂರು ಸಿಕ್ಕವು. ಒಂದು ಹಣ್ಣಿಗೆ ಮೂವತ್ತು ಬೀಜವಾದರೂ, ಒಂದು ಸಾಲಿಗೆ ಸಾಕು. ಅಕ್ಕ ಎದ್ದು ಕವೆಯ ಹಿಡಿಗೆ ಕೈಹಾಕಿದಳು.

“ಈಗ ಕೀಳ್ತೀನಿ. ಹಿಮ್ಮಡಿ ಮಾತ್ರ ನಿಧಾನಕ್ಕೆ ಎತ್ತು. ಅಡೀಲಿ ಎರಡು ಹಣ್ಣಿವೆ.”

ಪುಟ್ಟ ಅಳುತ್ತಲೇ ನಿಧಾನಕ್ಕೆ ಎತ್ತಿದ. ಒಂದು ಜಜ್ಜಿಹೋಗಿತ್ತು. ಅಕ್ಕ ಇನ್ನೊಂದನ್ನು ಲಕೋಟೆಗೆ ಹಾಕಿ, ಬಾಯಿ ಮಡಚಿ, ಆಮೇಲೆ ಅವನ ಪಾದಕ್ಕೆ ಬಟ್ಟೆ ಸುತ್ತಿದಳು.