ಮಿಸ್ತ್ರಿಯನ್ನು ಕುರ್ಚಿಯಲ್ಲಿ ಕೂಡಿಸಿ ಹೊಗಳಿದ್ದು

ಆಳಂದದ ತೊಗರಿಬೇಳೆ ಗಿರಣಿಯೊಂದರಲ್ಲಿ ನಾನು ಮ್ಯಾನೇಜರು. ಬಾಯಿ ಜೋರು. ನಾನು ಗೇಟಿನೊಳಗೆ ಕಾಲಿಟ್ಟರೆ ಬೇಳೆ ಆರಿಸುವ ಹೆಂಗಸರ ಬಾಯಿ ನಿಂತು ಕೈ ಓಡತೊಡಗುತ್ತದೆ ಎನ್ನುತ್ತಾರೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಬೇಳೆಯಲ್ಲಿ ಕಲ್ಲು ಉಳಿದರೆ ಕೊನೆಗೆ ಬೈಸಿಕೊಳ್ಳುವವಳು ನಾನೇ ತಾನೆ.

ಬೇಜಾರಾದದ್ದು ಗಿರಣಿಯ ಮಾಲೀಕರಾದ ಸಾವುಕಾರರಿಗೆ. ನನ್ನ ಬಾಯಿಗೆ ಹೆದರಿ ಇಬ್ಬರು ಹಮಾಲರು ಬೇರೆ ಕಡೆ ಹೋದರಂತೆ. ಸೀಸನ್ ಶುರುವಾಗುವ ಹೊತ್ತಿಗೆ ನನ್ನನ್ನೂ, ಅಫಜಲಪುರ ಮತ್ತು ಜೇವರ್ಗಿಯಲ್ಲಿ ಅವರಿಗಾಗಿ ತೊಗರಿ ಖರೀದಿಸುವ ಇಬ್ಬರು ಮ್ಯಾನೇಜರುಗಳನ್ನೂ ಕಲಬುರಗಿಯ ಹೋಟೆಲೊಂದಕ್ಕೆ ತರಬೇತಿಗೆ ಕಳಿಸಿದರು. ಕೆಲಸಗಾರರ ಮನಸ್ಸು ಅರಿಯುವುದು ಹೇಗೆ ಎಂಬುದು ವಿಷಯ. ಅಫಜಲಪುರದವರು ಎಸಿಯ ಕೆಳಗಿನ ಕುರ್ಚಿ ಹಿಡಿದು ಊಟದ ತನಕ ನಿದ್ದೆ ಹೊಡೆದರು. ಜೇವರ್ಗಿಯವರು ಫೋನಿನಲ್ಲಿ ತೊಗರಿ ದರ ನೋಡುತ್ತ ಕೂತರು. ಮೈಯೆಲ್ಲ ಕಿವಿಯಾಗಿ ಕೇಳಿದ ಪುಣ್ಯಾತ್ಗಿತ್ತಿ ನಾನೊಬ್ಬಳೇ.

ಬೈದರೆ ಮನುಷ್ಯ ಮುದುಡುತ್ತಾನೆ, ಹೊಗಳಿದರೆ ಅರಳುತ್ತಾನೆ ಎಂದರು ಕೋಟು ಹಾಕಿದ ತರಬೇತುದಾರರು. ಹೊಗಳುವುದಾದರೆ ನಾಲ್ಕು ಜನರೆದುರು, ಮರ್ಯಾದೆಯಿಂದ ಕೂಡಿಸಿ, ಮಾಡಿದ್ದನ್ನು ಬಿಡಿಸಿ ಹೇಳಿ ಹೊಗಳಬೇಕಂತೆ. ನನಗೆ ಹೌದೆನಿಸಿತು. ಮನೆಗೆ ಬಂದವಳೇ ಮೊದಲು ಗಂಡನ ಮೇಲೆ ಪ್ರಯೋಗ ಮಾಡಿದೆ. ನೀರಿನ ಟಾಕಿ ತುಂಬಿಸಿದ್ದಕ್ಕೆ ಬಾಯಿತುಂಬ ಹೊಗಳಿದೆ. ಆತ ಮೋಟಾರು ಬಂದ್ ಮಾಡಿ ಬಂದು, ನಿನ್ನ ತಮ್ಮ ಬರುವವನಿದ್ದಾನಾ, ಎಷ್ಟು ದಿನ ಇರುತ್ತಾನೆ ಎಂದು ಕೇಳಿದ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಗಿರಣಿಯಲ್ಲಿ ಹೊಗಳಲು ಆರಿಸಿಕೊಂಡದ್ದು ಚಾಚಾರನ್ನು. ಯಂತ್ರಗಳನ್ನು ನೋಡಿಕೊಳ್ಳುವ ಮಿಸ್ತ್ರಿ ಅವರು. ಮನೆಯಲ್ಲಿ ಉರ್ದು, ಗಿರಣಿಯಲ್ಲಿ ಕನ್ನಡ, ಯಂತ್ರ ಕೈಕೊಟ್ಟಾಗ ಎರಡೂ. ನಾನು ಹೊಸದಾಗಿ ಬಂದಾಗ, ಹೆಣ್ಣು ಮ್ಯಾನೇಜರೆಂದು ಮೂಗು ಮುರಿಯುವವರ ನಡುವೆ ನನ್ನ ಮಾತಿಗೆ ಹೂಂ ಎಂದ ಮೊದಲಿಗರು ಅವರೇ. ಸೀಸನ್ನಿನಲ್ಲಿ ಅವರು ಬಿಟ್ಟುಹೋದರೆ ಗಿರಣಿ ನಿಲ್ಲುತ್ತದೆ, ನನಗಂತೂ ಕೈ ಮುರಿದಂತೆಯೇ. ಇದನ್ನೆಲ್ಲ ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ನನ್ನ ಕುರ್ಚಿಯನ್ನೇ ತರಿಸಿ ಚಾಚಾರನ್ನು ಕೂಡಿಸಿದೆ. ಇವರ ಕಾಲದಲ್ಲಿ ಗಿರಣಿ ಒಂದು ದಿನ ಕೆಟ್ಟು ನಿಂತಿಲ್ಲ, ಇವರ ಬಾಯಿಂದ ಹೆಣ್ಣುಮಕ್ಕಳಿಗೆ ಒಂದು ಕೆಟ್ಟ ಮಾತು ಬಂದಿಲ್ಲ, ಇಂಥವರು ಮತ್ತೆ ಸಿಗುವುದಿಲ್ಲ ಎಂದೆ. ಚಪ್ಪಾಳೆಗಾಗಿ ಕಾದೆ. ಒಬ್ಬರೂ ತಟ್ಟಲಿಲ್ಲ. ಬೇಳೆ ಆರಿಸುವ ಹಿರಿಯಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಚಾ ಎದ್ದು ಕೈಮುಗಿದರು.

“ತಪ್ಪೇನರ ಆಗಿದ್ರ ಹೊಟ್ಟ್ಯಾಗ ಹಾಕ್ಕೋರಿ ಅಕ್ಕಾರ.”

ಎಂಥ ವಿನಯ ಎಂದುಕೊಂಡೆ. ಸಂಜೆ ಸಾವುಕಾರರಿಗೆ ಫೋನು ಮಾಡಿ, ನಿಮ್ಮ ತರಬೇತಿ ಫಲ ಕೊಟ್ಟಿತು ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ಆಮೇಲಿನ ದಿನಗಳಲ್ಲಿ ಯಂತ್ರದ ಕೋಣೆಯಿಂದ ಚಾಚಾರ ಹಳೆಯ ರೇಡಿಯೊ ಮಾಯವಾಯಿತು. ಚಹಾದ ಕಪ್ಪು ಹೋಯಿತು. ಗೂಟಕ್ಕೆ ತೂಗುತ್ತಿದ್ದ ನಮಾಜಿನ ಚಾಪೆಯೂ ಕಾಣಲಿಲ್ಲ. ಹೊಗಳಿಸಿಕೊಂಡವನು ತನ್ನ ಜಾಗವನ್ನು ಚೊಕ್ಕಟವಾಗಿಟ್ಟುಕೊಳ್ಳುತ್ತಾನೆ ಎಂದಿದ್ದರು ತರಬೇತುದಾರರು. ನಾನು ಖುಷಿಪಟ್ಟೆ. ಅಷ್ಟರಲ್ಲಿ ಜೇವರ್ಗಿಯ ಮ್ಯಾನೇಜರ ಫೋನು ಬಂತು.

“ನಿಮ್ಮ ಮಿಸ್ತ್ರಿಗೆ ಸೀಸನ್ನದಾಗ ಯಾಕ ತೆಗದ್ರಿ ಅಕ್ಕಾ? ಇಲ್ಲೊಂದು ಗಿರಣ್ಯಾಗ ಸೋಮವಾರದಿಂದ ಬಾ ಅಂದಾರ ಅವರಿಗೆ.”

ತೆಗೆದವರು ಯಾರು ಎಂದು ಕೇಳಿದೆ.

“ನೀವೇ ಮಂದಿ ಮುಂದ ಕುರ್ಚಿ ಮ್ಯಾಲ ಕುಂಡ್ರಿಸಿ ಹೊಗಳಿದ್ರಂತಲ್ಲರಿ.”

ಆಗ ಹೊಳೆಯಿತು. ನಮ್ಮ ಗಿರಣಿಯಲ್ಲಿ ಒಬ್ಬರನ್ನು ಕುರ್ಚಿಯಲ್ಲಿ ಕೂಡಿಸಿ ಹೊಗಳುವುದು ಒಂದೇ ದಿನ, ಅವರು ಕೆಲಸ ಬಿಡುವ ದಿನ. ಹೋದ ವರ್ಷ ಲೆಕ್ಕ ಬರೆಯುವ ಮುನೀಮರನ್ನೂ ಹಾಗೆಯೇ ಕೂಡಿಸಿದ್ದೆವು. ಇದ್ದಷ್ಟು ದಿನ ಅವರ ಬೆನ್ನ ಹಿಂದೆ ಬೈದವರೆಲ್ಲ ಎದ್ದು ನಿಂತು, ಇಂಥವರು ಮತ್ತೆ ಸಿಗುವುದಿಲ್ಲ ಎಂದು ಶಾಲು ಹೊದಿಸಿ ಮನೆಗೆ ಕಳಿಸಿದ್ದರು. ನಾನು ಚಾಚಾರಿಗೆ ಹೇಳಿದ್ದೂ ಅದೇ ಮಾತು. ಶಾಲೊಂದು ಬಾಕಿ ಇತ್ತು.

ಯಂತ್ರದ ಕೋಣೆಗೆ ಓಡಿದೆ. ಚಾಚಾ ನಟ್ಟು ಬಿಗಿಯುವ ತಮ್ಮ ಪಾನಾಗಳನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿ ಗಂಟು ಕಟ್ಟುತ್ತಿದ್ದರು. ನಿಮ್ಮನ್ನು ಯಾರೂ ತೆಗೆದಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಹೇಳಿದೆನಷ್ಟೆ ಎಂದು ಮೆಲ್ಲಗೆ ಬಿಡಿಸಿ ಹೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿದರು.

“ನೀವು ಇಷ್ಟು ಮೆತ್ತಗ ಮಾತಾಡಾಕತ್ತೀರಿ ಅಂದ್ರ ಇದು ಸಾವ್ಕಾರ್ರ ಹುಕುಮ್ಮೇ. ನಿಮ್ಮದೇನ್ ತಪ್ಪದ, ಬಿಡ್ರಿ.”

ಅಯ್ಯೋ, ನನ್ನನ್ನೇ ಸಮಾಧಾನ ಮಾಡುತ್ತಿದ್ದಾರೆ! ಪಿತ್ತ ನೆತ್ತಿಗೇರಿತು.

“ತಲಿ ನೆಟ್ಟಗದ ಏನ್ ಚಾಚಾ ನಿಮ್ಮದು? ಅಲ್ಲಿ ಕಾಳಿನ ಎಲಿವೇಟರ್ ಬೇರಿಂಗ್ ಮುಂಜಾನಿಂದ ಚೀರಾಕತ್ತದ, ಗ್ರೀಸ್ ಹಚ್ಚೂದು ಬಿಟ್ಟು ಜೇವರ್ಗಿಗಿ ಹೊಂಟೀರಿ? ಗೇಟ್ ದಾಟ್ರಿ ನೋಡೋಣ. ಆ ಗಿರಣಿಗೇ ಬಂದು ನಿಮ್ಮ ಮಾನ ಕಳೀತೇನಿ.”

ಇನ್ನೂ ಬಹಳ ಅಂದೆ. ತರಬೇತಿಯಿಂದ ಬಂದ ಮೇಲೆ ವಾರದಿಂದ ಅದುಮಿಟ್ಟ ಬೈಗುಳವೆಲ್ಲ ಒಮ್ಮೆಲೇ ಹೊರಬಂತು. ಬಾಗಿಲಲ್ಲಿ ಹೆಂಗಸರು ಸೇರಿದರು, ನಗತೊಡಗಿದರು. ಚಾಚಾರ ಮುಖದ ಗಂಟು ಮೆಲ್ಲನೆ ಬಿಚ್ಚಿತು. ಆಮೇಲೆ ಟವೆಲ್ಲಿನ ಗಂಟೂ ಬಿಚ್ಚಿತು. ಗ್ರೀಸಿನ ಡಬ್ಬಿ ಎತ್ತಿಕೊಂಡು ಹೋಗಿ ಬೇರಿಂಗಿನ ಚೀರಾಟ ನಿಲ್ಲಿಸಿ ಬಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ನಾನು ಹೊರಡುವಾಗ ಹಿಂದಿನಿಂದ ಕರೆದರು.

“ಅಕ್ಕಾರ, ಅವತ್ತ ಅದೇನೇನ್ ಹೇಳಿದ್ರಿ? ಅಂಜಿಕ್ಯಾಗ ನನಗೊಂದೂ ಕೇಳಸಲಿಲ್ಲ. ಇನ್ನೊಮ್ಮೆ ಹೇಳ್ರಿ.”

ಅಷ್ಟಕ್ಕೇ ಬಿಡಲಿಲ್ಲ. ಮನೆಯಾಕೆಯೂ ಕೇಳಲಿ ಎಂದು ಫೋನು ಹಚ್ಚಿ, ಗ್ರೀಸಿನ ಕೈಯಲ್ಲೇ ನನ್ನ ಬಾಯಿಯ ಹತ್ತಿರ ಹಿಡಿದರು. ಬೈಯುವಾಗ ಓಡುತ್ತಿದ್ದ ನಾಲಿಗೆ ಈಗ ಒಣಗಿತು. ಅವರ ಮುಖ ನೋಡಲಾಗದೆ ಗ್ರೀಸಿನ ಡಬ್ಬಿಯನ್ನೇ ನೋಡುತ್ತ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ನನ್ನ ಮಾತಿಗೆ ಮೊದಲು ಹೂಂ ಎಂದವರು ನೀವೇ ಎಂಬುದನ್ನೂ ಸೇರಿಸಿದೆ. ಚಾಚಾ ತಲೆ ತಗ್ಗಿಸಿ, ಒಂದು ಮಾತೂ ಕೆಳಗೆ ಬೀಳದಂತೆ ಕೇಳಿದರು.

ಫೋನಿನ ಆ ಕಡೆಯಿಂದ ಅವರ ಹೆಂಡತಿಯ ದನಿ ಬಂತು.

“ಅಕ್ಕಾರ, ಅವರಿಗಿ ಕೆಲ್ಸದಿಂದ ತೆಗಿಯಾಕತ್ತೀರೇನ್ರಿ?”

ಚಾಚಾ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಉರ್ದುವಿನಲ್ಲಿ ಆಕೆಗೆ ಧೈರ್ಯ ಹೇಳಿದರು. ಹೆದರಬೇಡ, ಹೊಗಳುವ ಮೊದಲು ಇವತ್ತು ಚೆನ್ನಾಗಿ ಬೈದಿದ್ದಾರೆ.