ಜೌಗಿನಲ್ಲಿಟ್ಟ ತೊಲೆ

ಓಕ್ ಮರ ಕಡಿದು ತಂದವನು ಓರ್ಮ್, ಎಫಿಯ ಮುತ್ತಜ್ಜ. ಮಠದವರ ಗೋಡೆಗೆ ಒಂದು ಬೇಸಿಗೆಯುದ್ದಕ್ಕೂ ಕಲ್ಲು ಎಳೆದು, ಕೂಲಿ ಬೇಡ, ನಿಮ್ಮ ಕಾಡಿನ ಒಂದು ಮರ ಕೊಡಿ ಅಂದವನು. ಕಾಡೆಲ್ಲ ಸುತ್ತಿ, ನೆಟ್ಟಗಿದ್ದ ಮರಗಳನ್ನೆಲ್ಲ ಬಿಟ್ಟು, ಗಾಳಿಗೆ ಬೆನ್ನು ಕೊಟ್ಟು ಕೊಂಚ ಬಾಗಿದ್ದನ್ನೇ ಆರಿಸಿದನಂತೆ. ಗಾಳಿ ತಿಂದು ಬೆಳೆದ ಮರ ಮುರಿಯುವುದಿಲ್ಲ ಎಂಬುದು ಅವನ ನಂಬಿಕೆ. ನಮ್ಮೂರು ಬ್ರೂಮ್‌ಲಾದಲ್ಲಿ ಅವನು ಕಟ್ಟಿದ ಮನೆಗೆ ಅದೇ ನಡುತೊಲೆಯಾಯಿತು.

ಓರ್ಮನ ಮಗ ಲಿಯುಲ್ಫ್. ಉದ್ದ ಕಾಲಿನ ಇಂಗ್ಲಿಷ್ ದೊರೆ ಗಡಿ ದಾಟಿ ನಮ್ಮ ಸ್ಕಾಟರ ನಾಡಿಗೆ ಬಂದ ವರ್ಷ, ಊರೆಲ್ಲ ಗಂಟುಮೂಟೆ ಕಟ್ಟುತ್ತಿರುವಾಗ ಇವನು ಸೂರಿನ ಮೇಲೆ ಹತ್ತಿ ಹುಲ್ಲು ಕೀಳುತ್ತಿದ್ದ. ತಲೆ ಕೆಟ್ಟಿದೆ ಅಂದರು ಜನ. ದಂಡು ಊರು ಸುಟ್ಟು ಹೋದ ಮೇಲೆ ಮಿಕ್ಕವರು ಮರಕ್ಕಾಗಿ ಕಾಡು ಕಾಡು ಅಲೆದರು. ಲಿಯುಲ್ಫ್ ಗುಡ್ಡದ ಮೇಲೆ ಬಚ್ಚಿಟ್ಟ ತೊಲೆ ಇಳಿಸಿಕೊಂಡು ಬಂದು, ಚಳಿ ಬೀಳುವ ಮೊದಲು ಸೂರಿನಡಿ ಗಂಜಿ ಕುಡಿದ. ನಮ್ಮ ಕಡೆ ಗೋಡೆಯೆಂದರೆ ಹುಲ್ಲುಹೆಂಟೆ, ಬೇರುಸಮೇತ ಕಡಿದು ಪೇರಿಸಿದ ಮಣ್ಣು. ಸುಟ್ಟರೂ ಕೆಡವಿದರೂ ಮತ್ತೆ ಏಳುತ್ತದೆ. ಹೊದಿಸುವ ಹುಲ್ಲು ಮತ್ತೆ ಬೆಳೆಯುತ್ತದೆ. ಮರ ಮಾತ್ರ ಮತ್ತೆ ಸಿಗುವುದಿಲ್ಲ. ಆಮೇಲೆ ಊರಿಗೆಲ್ಲ ಅದೇ ಪದ್ಧತಿಯಾಯಿತು. ದಂಡು ಬರುತ್ತಿದೆ ಎಂದು ಸಾರುವ ಬೆಂಕಿ ಗುಡ್ಡದ ತುದಿಯಲ್ಲಿ ಕಂಡರೆ ಮೊದಲು ಹಸು, ಆಮೇಲೆ ತೊಲೆ, ಆಮೇಲೆ ಅತ್ತೆ ಮಾವ.

ಲಿಯುಲ್ಫನ ಮಗ ಡ್ಯಾಂಡ್, ಎಫಿಯ ಅಪ್ಪ. ತೊಲೆಯನ್ನು ಗುಡ್ಡ ಹತ್ತಿಸಿ ಬೆನ್ನು ಮುರಿದುಕೊಳ್ಳುವ ಬದಲು ಊರ ಹಿಂದಿನ ಜೌಗಿನಲ್ಲಿ ಮುಳುಗಿಸುವ ಉಪಾಯ ಕಂಡವನು ಅವನು. ಆ ಕರಿಮಣ್ಣಿನಲ್ಲಿ ಮರ ಕೊಳೆಯುವುದಿಲ್ಲ, ಕಬ್ಬಿಣದಂತಾಗುತ್ತದೆ. ಒಂದು ಸಲ ಇಂಗ್ಲಿಷ್ ಸಿಪಾಯಿಯೊಬ್ಬ ಅದೇ ತೊಲೆಯ ಮೇಲೆ ಕಾಲಿಟ್ಟು ಜೌಗು ದಾಟಿ, ಸುಡುವುದಕ್ಕೆ ಈ ಊರಲ್ಲಿ ಒಂದು ಕಟ್ಟಿಗೆಯೂ ಇಲ್ಲವಲ್ಲ ಎಂದು ಬೈದು ಹೋದನಂತೆ. ಡ್ಯಾಂಡ್ ಇದನ್ನು ಸಾಯುವವರೆಗೂ ಹೇಳಿಕೊಂಡು ನಕ್ಕ.

ದೊರೆಗಳ ವಂಶಾವಳಿ ಬರೆಯಲು ಮಠದಲ್ಲಿ ಸನ್ಯಾಸಿಗಳಿದ್ದಾರೆ. ತೊಲೆ ಹೊತ್ತವರ ವಂಶಾವಳಿ ಇಷ್ಟು. ಅದರ ಕೊನೆಯವಳು ಎಫಿ. ಅವಳ ಪಕ್ಕದ ಮನೆಯಲ್ಲಿ ಬಾಳಿದವನು ನಾನು. ಕೇಳಿದ್ದಕ್ಕಿಂತ ಕಂಡದ್ದೇ ಹೆಚ್ಚು.

ಅವಳ ಅಣ್ಣಂದಿರಿಬ್ಬರೂ ದೊರೆಯ ದಂಡಿಗೆ ಹೋಗಿ ಹಿಂದಿರುಗದಿದ್ದಾಗ, ತೊಲೆಯ ಇನ್ನೊಂದು ತುದಿಗೆ ಎಫಿಯೇ ಹೆಗಲು ಕೊಟ್ಟಳು. ಗಟ್ಟಿ ಮೂಳೆಯ ಹುಡುಗಿ, ಮಾತು ಕಡಿಮೆ. ರಿಂಗನ್ ಎಂಬವನು ಅವಳನ್ನು ಕೇಳಿಕೊಂಡು ಬಂದ ದಿನ ಡ್ಯಾಂಡ್ ಅವನಿಗೆ ಕುಡಿಯಲು ಕೊಡದೆ ನೇರ ಜೌಗಿನ ದಂಡೆಗೆ ಕರೆದೊಯ್ದ. ಆಗಷ್ಟೇ ದಂಡು ಬಂದು ಹೋಗಿತ್ತು.

"ನಿಂಗೆ ಎಷ್ಟು ಕುರಿ ಅದಾವೆ ಅಂತ ಕೇಳಲ್ಲ ಕಣಪ್ಪಾ. ಆ ತುದಿ ಎತ್ತು ನೋಡಾನ."

ರಿಂಗನ್ ಸೊಂಟದವರೆಗೆ ಕೆಸರಿಗಿಳಿದು ಎತ್ತಿದ. ಈ ತುದಿ ಎಫಿಯ ಹೆಗಲ ಮೇಲಿತ್ತು. ಮನೆಯವರೆಗೆ ಅವನು ಉಸಿರೆತ್ತಲಿಲ್ಲ.

"ಏನೋ, ನಾಲಿಗೆ ಕೆಸರಲ್ಲೇ ಬಿಟ್ಟು ಬಂದ್ಯಾ?" ಅಂದಳು ಎಫಿ.

"ನಿಮ್ಮಪ್ಪ ಹೆಣ್ಣು ಕೊಡ್ತಾನೋ ಹೆಣ ಹೊರಿಸ್ತಾನೋ ಗೊತ್ತಾಗ್ಲಿಲ್ಲ," ಅಂದ ಅವನು.

ಅಷ್ಟಕ್ಕೇ ಮದುವೆ ಗೊತ್ತಾಯಿತು. ಮಕ್ಕಳಾಗಲಿಲ್ಲ. ಡ್ಯಾಂಡ್ ಸತ್ತ ಮೇಲೆ ಅವರಿಬ್ಬರೇ ಬೆಂಕಿ ಕಂಡಾಗಲೆಲ್ಲ ತೊಲೆ ಇಳಿಸಿದರು, ಮುಳುಗಿಸಿದರು, ಎತ್ತಿದರು, ಏರಿಸಿದರು. ಹೊರುವ ಹಗ್ಗವನ್ನು ಎಫಿಯೇ ಹೊಸೆದಿದ್ದಳು. ಅದು ಬಾಗಿಲ ಹಿಂದಿನ ಗೂಟದಲ್ಲಿ ಸದಾ ತೂಗುತ್ತಿತ್ತು.

ಆಮೇಲೆ ನಮ್ಮ ದೊರೆ ದಕ್ಷಿಣಕ್ಕೆ ದಂಡೆತ್ತಿ ಹೋಗಿ ಡರಮ್ ಊರಿನ ಬಳಿ ಸೋತು ಸೆರೆಯಾದ. ನಮ್ಮ ಟೀವಿಯಟ್ ಕಣಿವೆಯ ಒಡೆಯರೆಲ್ಲ ಇಂಗ್ಲಿಷ್ ದೊರೆಗೆ ಮಂಡಿಯೂರಿದರು. ಒಡೆಯ ಮಂಡಿಯೂರಿದರೆ ಒಕ್ಕಲು ನೆಲ ನೆಕ್ಕಬೇಕು. ನಾವೂ ಆಣೆ ಮಾಡಿದೆವು. ಕೋಟೆಗೆ ಇಂಗ್ಲಿಷ್ ಕಾರಭಾರಿ ಬಂದ. ಅವನು ಊರೂರಿಗೆ ಸಾರಿಸಿದ: ಈಗ ಇದು ದೊರೆಯ ನೆಮ್ಮದಿಯ ನಾಡು, ಬೆಂಕಿ ಕಂಡ ಕೂಡಲೇ ಸೂರು ಕೀಳುವವನು ದೊರೆಯ ಮಾತನ್ನು ನಂಬದವನು, ಅವನ ಹೊಲ ಅವನದಲ್ಲ.

ರಿಂಗನ್‌ಗೆ ಸಂತೋಷವೇ ಆಯಿತು. ಅವನ ಸೊಂಟ ಹಿಡಿದುಕೊಂಡಿತ್ತು.

"ಅಂತೂ ಒಬ್ಬ ದೊರೆಯಾದ್ರೂ ನನ್ನ ಬೆನ್ನಿಗೆ ಕನಿಕರ ತೋರ್ಸಿದ," ಅಂದ ನನ್ನೊಡನೆ. "ನಮ್ಮೋನು ದೊರೆಯಾಗಿದ್ದಷ್ಟು ಕಾಲ ತೊಲೆ ಹೊತ್ತಿದ್ದೇ ಆಯ್ತು."

"ಹಗ್ಗ ಅಲ್ಲೇ ಇರ್ಲಿ," ಅಂದಳು ಎಫಿ.

ಹಲವು ವರ್ಷ ಹಗ್ಗ ಗೂಟದಲ್ಲೇ ಧೂಳು ಹಿಡಿಯಿತು. ಹೊಗೆ ಕುಡಿದು ಕುಡಿದು ತೊಲೆ ಮಿರಿಮಿರಿ ಕಪ್ಪಾಯಿತು. ನೆಮ್ಮದಿ ಎಂದರೆ ಇದೇ ಇರಬೇಕು ಅಂದುಕೊಂಡೆವು.

ಓಟ್ ಪೈರು ಕೊಯ್ದ ಮೇಲಿನ ದಿನಗಳು. ಒಂದು ಮಧ್ಯಾಹ್ನ ಬಡಗಣ ಗುಡ್ಡದ ಮೇಲೆ ಬೆಂಕಿ ಎದ್ದಿತು. ಬಡಗಣವೆಂದರೆ ಬರುತ್ತಿರುವವರು ನಮ್ಮವರು. ಆಣೆ ಮಾಡದೆ ಉಳಿದ ಸ್ಕಾಟರು, ಕಣಿವೆಯನ್ನು ಮರಳಿ ಗೆಲ್ಲಲು ಬರುತ್ತಿದ್ದವರು. ಊರು ಕಲ್ಲುಶಿಲುಬೆಯ ಬಳಿ ಸೇರಿತು. ತೊಲೆ ಇಳಿಸಿದರೆ ನಾಳೆ ಕಾರಭಾರಿ ಹೊಲ ಕಿತ್ತುಕೊಳ್ಳುತ್ತಾನೆ. ಇಳಿಸದಿದ್ದರೆ ಬರುವವರು ಏನನ್ನುತ್ತಾರೋ. ಆ ಕಡೆ ಹುಲಿ, ಈ ಕಡೆ ದರಿ. ಮೊದಲು ಕೆಲವರು, ಆಮೇಲೆ ಎಲ್ಲರೂ ಇಳಿಸಲು ಓಡಿದರು. ನಾನೂ ಓಡಿದೆ. ಪಕ್ಕದಲ್ಲಿ ಗಂಡಹೆಂಡಿರ ಜಗಳ ಕೇಳುತ್ತಿತ್ತು.

"ಹತ್ತು ಮೇಲಕ್ಕೆ. ನಾನು ಕೆಳಗೆ ಹಿಡೀತೀನಿ," ಅನ್ನುತ್ತಿದ್ದಳು ಎಫಿ.

"ಯಾರಿಗೆ ಹೆದರಿ ಇಳಿಸ್ಲಿ? ನಮ್ಮ ಮಾತಾಡೋ ಜನ ಕಣೆ ಅವ್ರು. ನನ್ನ ಸೋದರಮಾವನ ಮಕ್ಕಳು ಅದೇ ದಂಡಲ್ಲವ್ರೆ. ರೊಟ್ಟಿ ತಟ್ಟಿ ಇಡು, ಹಸ್ಕೊಂಡು ಬರ್ತಾರೆ."

"ಬೆಂಕಿ ಕಂಡ್ರೆ ಇಳಿಸ್ಬೇಕು. ಯಾರು ಬರ್ತಾರೆ ಅಂತ ನಮ್ಮಪ್ಪ ಯಾವತ್ತೂ ಕೇಳ್ಲಿಲ್ಲ."

"ನಿಮ್ಮಪ್ಪಂಗೆ ಸೊಂಟ ನೆಟ್ಟಗಿತ್ತು. ನೀನು ಹಸು ಹೊಡ್ಕೊಂಡು ಹೋಗು. ನಾನು ಬಾಗಿಲಲ್ಲಿ ಕೂತಿರ್ತೀನಿ."

ಒಂಟಿಯಾಗಿ ತೊಲೆ ಇಳಿಯುವುದಿಲ್ಲ. ಎಫಿ ರೊಟ್ಟಿ ತಟ್ಟಿಟ್ಟು, ಹಸು ಹೊಡೆದುಕೊಂಡು ನಮ್ಮೊಡನೆ ಗುಡ್ಡಕ್ಕೆ ಬಂದಳು. ದಾರಿಯಲ್ಲಿ ಒಂದು ಸಲವೂ ಹಿಂದೆ ನೋಡಲಿಲ್ಲ.

ಬಂದವರು ನಮ್ಮ ಮಾತೇ ಆಡುವವರು. ಏನಾಯಿತೆಂದು ಆಮೇಲೆ ಹೇಳಿದವಳು, ನಡೆಯಲಾರದೆ ಊರಲ್ಲೇ ಉಳಿದಿದ್ದ ಮುದುಕಿ ಮಾಲ್ಡ್. ರಿಂಗನ್ ಎದ್ದು ನಿಂತು, ಬನ್ನಿ ಅಣ್ಣಂದಿರಾ ಅಂದನಂತೆ. ಅವರು ರೊಟ್ಟಿ ತಿಂದರು. ಕುದುರೆಗಳ ಮೇವಿಗೆಂದು ಸೂರಿನ ಹುಲ್ಲು ಎಳೆದರು. ಎಳೆಯುತ್ತ ಅವರ ನಾಯಕ ತೊಲೆ ನೋಡಿದ.

"ಉಳಿದೋರೆಲ್ಲ ತೊಲೆ ಇಳಿಸ್ಕೊಂಡು ಓಡವ್ರೆ. ನೀನೊಬ್ಬ ಇಟ್ಕೊಂಡಿದ್ದೀಯ. ಇಂಗ್ಲಿಷ್ ದೊರೆ ಕಾಪಾಡ್ತಾನೆ ಅಂತಲಾ?"

"ಇಲ್ಲಪ್ಪಾ. ನೀವು ಬರ್ತೀರಿ ಅಂತ."

"ಆಣೆ ಮಾಡಿದ್ಯೋ ಇಲ್ವೋ?"

"ಊರೆಲ್ಲ ಮಾಡ್ತು."

ಗೂಟದಲ್ಲಿ ಹಗ್ಗವಿತ್ತು. ತೊಲೆ ಮೇಲಿತ್ತು.

ಮಾರನೆಯ ಬೆಳಗ್ಗೆ ನಾವು ಇಳಿದು ಬಂದಾಗ ಸೂರಿಗೆ ಹುಲ್ಲಿರಲಿಲ್ಲ. ಮೋಡ ಕವಿದ ಆಕಾಶದ ಕೆಳಗೆ ಆ ಕಪ್ಪು ತೊಲೆ, ಅದಕ್ಕೆ ರಿಂಗನ್. ಎಫಿ ಹಸುವನ್ನು ಬೇಲಿಗೆ ಕಟ್ಟಿದಳು. ನಾನು ಚಾಕು ತೆಗೆದು ಗೋಡೆ ಹತ್ತಿದೆ.

"ಕುಯ್ಯಬೇಡ. ಗಂಟು ಬಿಚ್ಚು," ಅಂದಳು. "ಒಳ್ಳೇ ಹಗ್ಗ ಅದು."

ಬಿಚ್ಚಿದೆ. ಅವನನ್ನು ಇಳಿಸಿ ಮಲಗಿಸಿದೆವು. ಅವಳು ಹಗ್ಗ ಸುತ್ತಿ ಗೂಟಕ್ಕೆ ಹಾಕಿ, ಹಾಲು ಕರೆಯಲು ಹೋದಳು. ಕೆಚ್ಚಲು ಬಿಗಿದಿತ್ತು. ಹೆಂಗಸರು ಅವಳ ಸುತ್ತ ಕೂತು ಅತ್ತರು. ಅವಳು ಅವರ ಮುಖಗಳನ್ನು ನೋಡುತ್ತಿದ್ದಳು, ಬೇರೆ ಯಾರದೋ ಮನೆಯ ಸಾವಿಗೆ ಬಂದವಳ ಹಾಗೆ.

ಮಣ್ಣು ಮಾಡಿದ ಮೇಲೆ ನನ್ನನ್ನು ಕರೆದು ತೊಲೆ ನೆಲಕ್ಕೆ ಇಳಿಸಿಕೊಂಡಳು. ಜೌಗಿಗೆ ಮಾತ್ರ ತಾನೇ ಎಳೆದಳು. ಒಂದು ತುದಿಗೆ ಹಗ್ಗ ಬಿಗಿದು ಹಸುವಿಗೆ ಕಟ್ಟಿದಳು; ಇನ್ನೊಂದು ತುದಿ ನೆಲ ಗೀರುತ್ತ ಹೋಯಿತು. ಆ ಗೀರು ಚಳಿಗಾಲದವರೆಗೂ ಹಾದಿಯಲ್ಲಿ ಕಾಣುತ್ತಿತ್ತು. ತೊಲೆ ಮುಳುಗಿಸಿ ಬಂದು ಗೋಡೆಯ ಮೂಲೆಗೆ ಕೊಂಬೆ ಒರಗಿಸಿ, ಮೇಲೆ ತೊಗಲು ಹೊದಿಸಿ, ಅದರಡಿಯಲ್ಲೇ ಇದ್ದುಬಿಟ್ಟಳು. ಅದಕ್ಕೆ ಸೂರು ಅನ್ನುವ ಹಾಗಿಲ್ಲ. ಮಳೆ ಬಂದರೆ ಒಲೆ ಆರುತ್ತಿತ್ತು. ನಿಂತರೆ ಮತ್ತೆ ಹೊತ್ತಿಸುತ್ತಿದ್ದಳು. ಹೊಲ ಉತ್ತಳು, ಕೊಯ್ದಳು. ಬೆಂಕಿ ಕಂಡಾಗ ನಾವೆಲ್ಲ ಓಡುತ್ತಿದ್ದೆವು, ಅವಳು ಓಡುತ್ತಿರಲಿಲ್ಲ. ಎರಡೂ ಕಡೆಯ ದಂಡು ಅವಳ ಗೋಡೆಯೊಳಗೆ ಇಣುಕಿ, ಯಾವುದೋ ಪಾಳು ಅಂದುಕೊಂಡು ಮುಂದೆ ಹೋಗುತ್ತಿತ್ತು.

ಅವಳ ತಲೆ ನೆರೆತ ಮೇಲೆ ಕಣಿವೆ ಮತ್ತೆ ಸ್ಕಾಟರ ಕೈಗೆ ಬಂತು. ಮಠದ ಗಂಟೆ ಹೊಡೆಯಿತು. ಹೊಸ ಒಡೆಯನ ಆಳು ಬಂದು ಊರು ಸುತ್ತಿ, ಸೂರಿಲ್ಲದ ಒಲೆ ಮನೆಯಲ್ಲ, ಮನೆಯಿಲ್ಲದವರಿಗೆ ಹೊಲವಿಲ್ಲ ಎಂದು ಹೇಳಿ ಹೋದ. ಹಿಮ ಬೀಳುವುದರೊಳಗೆ ಎಫಿ ಸೂರು ಏರಿಸದಿದ್ದರೆ ಓರ್ಮನ ಕಾಲದಿಂದ ಉತ್ತ ನೆಲ ಇನ್ನೊಬ್ಬರದು.

ಊರು ಒಂದಾಯಿತು. ಪಾದ್ರಿ ಗಿಲ್ಬರ್ಟ್ ಭಾನುವಾರದ ಪೂಜೆ ಮುಗಿಸಿ ಎಲ್ಲರನ್ನೂ ಕರೆದುಕೊಂಡು ಹೊರಟರು. ಜಂತಿಗೆ ಒಬ್ಬರು ಕೋಲು ತಂದರು, ಒಬ್ಬರು ಹುಲ್ಲಿನ ಹೊರೆ ತಂದರು. ನನಗೆ ವಯಸ್ಸಾಗಿತ್ತು, ಆದರೂ ತೊಲೆಯ ಒಂದು ತುದಿ ನಾನೇ ಹಿಡಿಯುತ್ತೇನೆಂದು ಹಟ ಹಿಡಿದೆ. ಎಫಿ ತೊಗಲಿನಡಿಯಲ್ಲಿ ಕೂತು ಗಂಜಿ ತಿರುವುತ್ತಿದ್ದಳು.

"ಎದ್ದೇಳು ತಾಯಿ," ಅಂದರು ಪಾದ್ರಿ. "ತೊಲೆ ಎಲ್ಲಿ ಮುಳುಗಿಸಿದ್ದೀಯ ತೋರ್ಸು ಸಾಕು. ಕತ್ತಲಾಗೋದ್ರೊಳಗೆ ಏರಿಸ್ತೀವಿ. ಈಗ ಬಂದಿರೋರು ನಮ್ಮೋರೇ."

ಅವಳು ಸೌಟು ನಿಲ್ಲಿಸಲಿಲ್ಲ.

"ಅವತ್ತು ಬಂದೋರೂ ನಮ್ಮೋರೇ ಸ್ವಾಮಿ."

"ಹೊಲ ಹೋಗುತ್ತಲ್ಲ ಎಫಿ," ಅಂದೆ ನಾನು. "ಆ ತುದಿ ನಾನು ಹಿಡೀತೀನಿ. ನೀನು ಸುಮ್ನೆ ನಿಂತಿರು."

ಅವಳು ತಲೆಯೆತ್ತಿ ನನ್ನ ಹೆಗಲನ್ನು ನೋಡಿದಳು, ಮುಖವನ್ನಲ್ಲ.

"ಬೇಡ ಕಣಣ್ಣಾ. ಆ ತುದಿ ಯಾರೂ ಹಿಡೀಬೇಡಿ. ಸೂರು ಇದ್ರೆ ಯಾಕಿದೆ ಅಂತ ಒಬ್ರು ಬಂದು ಕೇಳ್ತಾರೆ, ಇಲ್ದಿದ್ರೆ ಯಾಕಿಲ್ಲ ಅಂತ ಇನ್ನೊಬ್ರು. ಹೊಲ ಬೇಕಾದೋರು ಉತ್ಕೊಳ್ಲಿ. ತೊಲೆ ಅಲ್ಲೇ ಇರ್ಲಿ, ಕೊಳೆಯಲ್ಲ ಅದು. ನೀವು ಮನೆಗೆ ಹೋಗಿ, ನಿಮ್ಮ ಗಂಜಿ ಆರೋಗುತ್ತೆ."